ಏಳು–ಹನ್ನೊಂದರ ನಡುವಿನ ಗೆರೆ

2025ರ ಜನವರಿ 11, ಶನಿವಾರ, ಬೆಳಗಿನ 5 ಗಂಟೆ 40 ನಿಮಿಷ. ಸವದತ್ತಿ ತಾಲೂಕಿನ ಹೂಲಿಯ ಬಳಿ ಹಿಂಗಾರಿ ಬಿಳಿಜೋಳ ಆಳೆತ್ತರ ನಿಂತಿದೆ. ಬದುವಿನ ಮೇಲೆ ರಾಜೇಶ್ವರಿ ತಲೆತುಂಬ ಶಾಲು ಹೊದ್ದು ಕುಕ್ಕರುಗಾಲಲ್ಲಿ ಕೂತು, ಊಟದ ಸ್ಟೀಲ್ ಡಬ್ಬಿಯೊಂದರಲ್ಲಿ ಮಡಚಿದ ಚೀಟಿಗಳನ್ನು ಕೈಯಾಡಿಸಿ ಕಲಸುತ್ತಿದ್ದಾರೆ. ಪಕ್ಕದಲ್ಲಿ ಬಿಳಿಹೊಗೆ ಉಗುಳುತ್ತಿರುವ ಅಲ್ಯೂಮಿನಿಯಂ ಕ್ಯಾನ್. ಅದರೊಳಗೆ ದ್ರವ ಸಾರಜನಕವಿದೆ. ಜೋಳದ ಎಲೆಯ ಚೂರು ಅದರಲ್ಲಿ ಬಿದ್ದ ಕ್ಷಣವೇ ಹೆಪ್ಪುಗಟ್ಟುತ್ತದೆ. ಆ ಗಳಿಗೆಯಲ್ಲಿ ಎಲೆಯ ಯಾವ ವಂಶವಾಹಿ ಎಷ್ಟು ಚುರುಕಾಗಿತ್ತು ಎಂಬುದು ಹಾಗೆಯೇ ಉಳಿದು, ಮುಂದೆ ಪ್ರಯೋಗಾಲಯದಲ್ಲಿ ಅಳತೆಗೆ ಸಿಗುತ್ತದೆ.

ಹಾಲು ಹಾಕಲು ಹೊರಟ ಮುದಕವ್ವ ಕ್ಯಾನ್ ಕಂಡು ನಿಲ್ಲುತ್ತಾರೆ. ಈ ಭಾಗದಲ್ಲಿ ಇಂಥ ಕ್ಯಾನ್ ಹೊತ್ತು ಬರುವವರು ಎಮ್ಮೆಗೆ ಕೃತಕ ಗರ್ಭಧಾರಣೆ ಮಾಡುವ ದನದ ಡಾಕ್ಟರು ಮಾತ್ರ.

"ಎಮ್ಮಿಗೆ ಸೂಜಿ ಮಾಡಾಕ ಬಂದೀರೇನ್ರಿ? ನಮ್ಮದೂ ನಿನ್ನಿಯಿಂದ ಒದರಾಕ ಹತ್ತೈತಿ. ಹೊಳ್ಳಿ ಹೋಗುವಾಗ ಮನಿ ಕಡೆ ಹಾದ ಹೋಗ್ರಿ."

"ಇದು ಜ್ವಾಳದ ಕ್ಯಾನ್ ಬೇ ಯವ್ವಾ," ಎನ್ನುತ್ತಾರೆ ರಾಜೇಶ್ವರಿ.

"ಜ್ವಾಳಕ್ಕೂ ಸೂಜಿ ಬಂತs? ಶಿವನs!" ಮುದಕವ್ವ ನಗುತ್ತ ಮುಂದೆ ಸಾಗುತ್ತಾರೆ.

ನಲವತ್ತೊಂದರ ರಾಜೇಶ್ವರಿ ಬೈಲಹೊಂಗಲದ ಅಂಚಿನಲ್ಲಿರುವ ಚಿಕ್ಕದೊಂದು ಜೋಳ ಸಂಶೋಧನಾ ಕೇಂದ್ರದ ಸಂಖ್ಯಾಶಾಸ್ತ್ರ ಸಹಾಯಕಿ. ಹೊಲದವರು ಎಲೆ ತರುತ್ತಾರೆ, ಪ್ರಯೋಗಾಲಯದವರು ಅಳೆಯುತ್ತಾರೆ, ಅಂಕಿಗಳು ಕೊನೆಗೆ ಇವರ ಗಣಕಕ್ಕೆ ಬರುತ್ತವೆ. ಸಂಖ್ಯಾಶಾಸ್ತ್ರದವರು ಹೊಲಕ್ಕೆ ಬರುವ ವಾಡಿಕೆ ಇಲ್ಲ. ಇವರು ಇಂದು ಬಂದಿರುವುದಕ್ಕೆ ಸಂಶೋಧನೆಯೇ ಕಾರಣ ಎಂದರೆ ಅರ್ಧ ಮಾತು ಹೇಳಿದಂತೆ. ಉಳಿದರ್ಧವನ್ನು ಅವರೇ ಹೇಳುತ್ತಾರೆ: "ಹೊಟ್ಟಿಕಿಚ್ಚು. ಯಾಕ ಸುಳ್ಳ ಹೇಳ್ಲಿ? ಹಸೀ ಹೊಟ್ಟಿಕಿಚ್ಚು."

ಆ ಕಿಚ್ಚಿಗೊಂದು ಹೆಸರಿದೆ: ಶೈಲಜಾ.

ರಾಜೇಶ್ವರಿ ದೇಗಾಂವದವರು, ಶೈಲಜಾ ಕಿತ್ತೂರಿನವರು. ಇಬ್ಬರೂ ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಹೋದವರು, ಧಾರವಾಡದಲ್ಲಿ ಒಂದೇ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು. ಒಬ್ಬರು ಸಂಖ್ಯಾಶಾಸ್ತ್ರ ಹಿಡಿದರು, ಇನ್ನೊಬ್ಬರು ಸಸ್ಯ ತಳಿಶಾಸ್ತ್ರ. ಈಗ ಇಬ್ಬರೂ ಒಂದೇ ಕೇಂದ್ರದಲ್ಲಿದ್ದಾರೆ. ಶೈಲಜಾ ಅವರ ಕೋಣೆಯ ಬಾಗಿಲಿಗೆ ಹಿತ್ತಾಳೆಯ ಹೆಸರಿನ ಫಲಕವಿದೆ. ತಾತ್ಕಾಲಿಕ ನೇಮಕದಲ್ಲೇ ವರ್ಷಗಳನ್ನು ಕಳೆದ ರಾಜೇಶ್ವರಿಗೆ ಬೀಜದ ಗೋದಾಮಿನ ಹಿಂದೊಂದು ಕೋಣೆ. ಬಾಗಿಲು ತೆರೆದರೆ ಬೀಜೋಪಚಾರದ ಔಷಧದ ಘಾಟು, ಮೇಲೆ ಗುಬ್ಬಿಗಳ ಸಂಸಾರ. ಹತ್ತು ಗಂಟೆಗೆ ಬೀಜ ಸೋಸುವ ಯಂತ್ರ ಚಾಲೂ ಆದರೆ ಅದೇ ಲೈನಿನ ವಿದ್ಯುತ್ತು ತಪ್ಪಿ ಗಣಕ ಆರಿಹೋಗುತ್ತದೆ. ಅದಕ್ಕೇ ಅವರು ಮೊದಲ ಬಸ್ಸಿಗೆ ಬಂದು, ಉಳಿದವರ ಚಹಾ ಮುಗಿಯುವ ಹೊತ್ತಿಗೆ ದಿನದ ಮುಖ್ಯ ಲೆಕ್ಕ ಮುಗಿಸಿರುತ್ತಾರೆ.

ಕಳೆದ ಆಗಸ್ಟಿನಲ್ಲಿ ಬೈಲಹೊಂಗಲದಲ್ಲಿ ಶೈಲಜಾ ಅವರಿಗೆ ಸನ್ಮಾನವಾಯಿತು. ಜೋಳದ ಎಲೆಯ ಮೇಲಿನ ಮೇಣದ ಲೇಪವನ್ನು ನಿಯಂತ್ರಿಸುವ ಒಂದು ವಂಶವಾಹಿಗೂ, ನೀರು ಕಡಿಮೆಯಾದಾಗ ಎಲೆ ಹಸಿರಾಗಿಯೇ ಉಳಿಯಲು ನೆರವಾಗುವ ಇನ್ನೊಂದಕ್ಕೂ ನೇರ ಸಂಬಂಧವಿದೆ ಎಂದು ಅವರ ಪ್ರಬಂಧ ಹೇಳಿತ್ತು. ಅದು ನಿಜವಾದರೆ ತಳಿ ಆಯ್ಕೆ ಬಹಳ ಸುಲಭ. ಎಳೆಯ ಸಸಿಯ ಎಲೆಯ ಮೇಣ ನೋಡಿದರೆ ಸಾಕು, ಮುಂದೆ ಬರ ತಡೆಯುವ ಗಿಡ ಯಾವುದು ಎಂದು ಅಂದಾಜು ಸಿಗುತ್ತದೆ, ಉಳಿದವನ್ನು ಕಿತ್ತುಹಾಕಬಹುದು. ರಾಮದುರ್ಗ ತಾಲೂಕಿನ ಸುರೇಬಾನದ ಒಣಭೂಮಿಯಲ್ಲಿ ಬರುವ ಹಿಂಗಾರಿಗೆ ಹೀಗೆಯೇ ಸಸಿ ಆರಿಸುವ ಯೋಜನೆ ಸಿದ್ಧವಾಯಿತು. ಸಂಬಂಧ ಸುಳ್ಳಾದರೆ? ಒಳ್ಳೆಯ ಸಸಿಗಳೇ ಕಿತ್ತುಹೋಗುತ್ತವೆ, ಹುಸಿಯವು ಉಳಿಯುತ್ತವೆ.

ಸನ್ಮಾನದ ದಿನ ರಾಜೇಶ್ವರಿ ಹಾರದ ತಟ್ಟೆ ಹಿಡಿದು ವೇದಿಕೆಯ ಮಗ್ಗುಲಲ್ಲಿ ನಿಂತಿದ್ದರು. ಪ್ರಬಂಧದ ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಅವರ ಹೆಸರು ಜೀಪಿನ ಚಾಲಕರ ಹೆಸರಿನ ನಂತರ ಇತ್ತು. "ಅದನ್ನೂ ನುಂಗಿದೆ," ಎನ್ನುತ್ತಾರೆ. "ಮರುದಿನ ದೇಗಾಂವಕ್ಕ ಹೋದ್ರ, ನಮ್ಮವ್ವ ಪೇಪರಿನ್ಯಾಗಿನ ಫೋಟೋ ಕತ್ತರಿಸಿ ಗ್ವಾಡಿಗೆ ಅಂಟಿಸಿದ್ಲು. ಮಂದೀಗೆ ಕರದ ಕರದ ತೋರ್ಸತಾಳ, 'ನಮ್ಮ ಶೈಲಾ ನೋಡ್ರಿ' ಅಂತ. ಆ ಫೋಟೋದಾಗ ಹಾರದ ತಟ್ಟಿ ಐತಿ. ತಟ್ಟಿ ಹಿಡದ ಕೈನೂ ಐತಿ. ಕೈಗೆ ಮುಖ ಇಲ್ಲ."

ತಾಯಿ ಗುರುಬಸವ್ವ ಇದಕ್ಕೆ ಜಗ್ಗುವವರಲ್ಲ. "ಆಕಿ ನಮ್ಮ ಮನ್ಯಾಗ ಹೋಳಿಗಿ ಉಂಡ ಬೆಳದಾಕಿ. ಒಬ್ಬರದರ ಫೋಟೋ ಬಂತಲ್ಲ, ಖುಷಿ ಪಡೂದ ಬಿಟ್ಟ ಮಾರಿ ಯಾಕ ಗಂಟ ಹಾಕ್ತೀ?"

ರಾಜೇಶ್ವರಿ ಮಾಡುವ ಕೆಲಸವನ್ನು ಬೈಲಹೊಂಗಲದಲ್ಲಿ ಕೇಳಿ ತಿಳಿದುಕೊಂಡವರು ಕಡಿಮೆ. ಹೂಲಿಯ ಇಂದ್ರವ್ವ ಕೇಳಿದ್ದಾರೆ. ಪ್ರಯೋಗದ ಜೋಳ ಬೆಳೆಯುವುದು ಇಂದ್ರವ್ವನ ಮನೆಯ ಹೊಲದಲ್ಲೇ, ಎಲೆ ಕತ್ತರಿಸುವ ಹೆಣ್ಣಾಳುಗಳ ಮುಂದಾಳೂ ಅವರೇ. ಅವರಿಗೆ ರಾಜೇಶ್ವರಿ ವಿವರಿಸಿದ್ದು ಹಿಟ್ಟಿನ ಗಿರಣಿಯ ಮೇಲಿಟ್ಟು.

"ನಿಮ್ಮೂರ ಗಿರಣಿಗೆ ಕೃಷ್ಣವ್ವ ಬಂದಾಗೆಲ್ಲ ತಂಗೆವ್ವನೂ ಬರ್ತಾಳ ಅಂತ ತಿಳೀರಿ. ಇಬ್ಬರೂ ಗೆಳತ್ಯಾರೇನು?"

"ಎಲ್ಲೀ ಗೆಳೆತನ ತಗೀರಿ! ಅವರಿಬ್ಬರೂ ಮಾತ ಬಿಟ್ಟು ಎರಡ ದೀಪಾವಳಿ ಆದ್ವು. ಕರೆಂಟ್ ಬಂದಾಗ ಗಿರಣಿ ಚಾಲೂ ಆಕ್ಕೈತಿ, ಅದಕ್ಕ ಇಬ್ಬರೂ ಒಮ್ಮೆಲೆ ಬುಟ್ಟಿ ಹೊತಗೊಂಡ ಬರ್ತಾರ."

"ಅಷ್ಟs ನೋಡ್ರಿ ನನ್ನ ಕೆಲಸ. ಕರೆಂಟ್ ಯಾವಾಗ ಬಂತು ಅನ್ನೂದು ಗೊತ್ತಾದ ಮ್ಯಾಲೂ, ಒಬ್ಬಾಕಿ ಬಂದದ್ದು ನೋಡಿ ಇನ್ನೊಬ್ಬಾಕಿ ಬರ್ತಾಳೋ ಇಲ್ಲೋ ಅಂತ ಹೇಳಾಕ ಬಂದ್ರ, ಇಬ್ಬರ ನಡುವ ಗೆರಿ ಎಳೀತೇನಿ. ಬರಲಿಲ್ಲಂದ್ರ ಗೆರಿ ಇಲ್ಲ."

ಕೃಷ್ಣವ್ವ, ತಂಗೆವ್ವರ ಜಾಗದಲ್ಲಿ ಹನ್ನೆರಡು ವಂಶವಾಹಿಗಳನ್ನು ಇಟ್ಟರೆ ರಾಜೇಶ್ವರಿಯ ಮೇಜು ಕಣ್ಣಿಗೆ ಬರುತ್ತದೆ. ಹನ್ನೆರಡು ಚುಕ್ಕೆ, ಅವುಗಳ ನಡುವೆ ಎಳೆಯಬಹುದಾದ ಗೆರೆಗಳು ಅರವತ್ತಾರು. ಪ್ರತಿ ಗೆರೆಯೂ ಇರಬಹುದು, ಇಲ್ಲದಿರಬಹುದು. ಹಾಗಾಗಿ ಸಾಧ್ಯವಿರುವ ಚಿತ್ರಗಳನ್ನು ಎಣಿಸಹೊರಟರೆ ಏಳರ ಮುಂದೆ ಹತ್ತೊಂಬತ್ತು ಸೊನ್ನೆ ಇಟ್ಟರೂ ಸಾಲದು. ಎಲ್ಲವನ್ನೂ ನೋಡಿ ಮುಗಿಸುವ ಗಣಕ ಇನ್ನೂ ಹುಟ್ಟಿಲ್ಲ. ಇವರ ಹಳೆಯ ಗಣಕ ಒಂದು ಗೆರೆ ಸೇರಿಸಿ, ಒಂದು ಗೆರೆ ಅಳಿಸಿ, ಅಂಕಿಗಳಿಗೆ ಒಪ್ಪುವ ಚಿತ್ರಗಳ ಸುತ್ತ ಹೆಚ್ಚು ಹೊತ್ತು ಸುಳಿದಾಡುತ್ತದೆ. ಸುಳಿದಾಡಿದ ಹೊತ್ತಿನಲ್ಲಿ ಒಂದು ಗೆರೆ ಎಷ್ಟು ಪಾಲು ಕಾಣಿಸಿತೋ ಅದೇ ಆ ಗೆರೆ ಇರುವ ಸಂಭವನೀಯತೆ.

ಅಂಕಿ ನೋಡುವ ಮೊದಲೇ ಮನಸ್ಸಿನಲ್ಲಿ ಇರುವ ಒಲವನ್ನೂ ಲೆಕ್ಕದೊಳಗೆ ಬಹಿರಂಗವಾಗಿ ಇಡಬೇಕು ಎನ್ನುವುದು ಬೇಸಿಯನ್ ವಿಧಾನ. ಯಾರ ಒಲವನ್ನು ಇಡುವುದು? ಶೈಲಜಾ ಅವರದನ್ನು ಇಟ್ಟರೆ ಗೆರೆ ಇದೆ ಎಂದೇ ಬರುತ್ತದೆ, ರಾಜೇಶ್ವರಿಯದನ್ನು ಇಟ್ಟರೆ ಇಲ್ಲ ಎಂದು. ಯಾರದನ್ನೂ ಇಡದೆ, ಮೊದಲೇ ಗೊತ್ತುಮಾಡಿದ ನಿಯಮದಿಂದಲೇ ಒಲವನ್ನು ಕಟ್ಟುವುದು ವಸ್ತುನಿಷ್ಠ ಬೇಸಿಯನ್ನರ ದಾರಿ. ಇದು ಕೇಳಿದಷ್ಟು ಸಲೀಸಲ್ಲ. ಎಲ್ಲ ಚಿತ್ರಗಳಿಗೂ ಒಂದೇ ಮಾನ ಕೊಟ್ಟರೆ ನ್ಯಾಯವಾಯಿತು ಅನಿಸಬಹುದು. ಆದರೆ ಅರ್ಧದಷ್ಟು ಗೆರೆಗಳಿರುವ ಚಿತ್ರಗಳೇ ಸಂಖ್ಯೆಯಲ್ಲಿ ವಿಪರೀತವಾಗಿರುವುದರಿಂದ, ಇಲ್ಲದ ಗೆರೆಗಳಿಗೂ ಸುಮ್ಮನೆ ಜಾಗ ಸಿಕ್ಕಿಬಿಡುತ್ತದೆ. ಅದಕ್ಕೇ ರಾಜೇಶ್ವರಿ ಮೊದಲು ಗೆರೆಗಳ ಸಂಖ್ಯೆಗೆ ಸಮಪಾಲು ಕೊಡುತ್ತಾರೆ. ಒಂದೇ ಗೆರೆಯ ಚಿತ್ರಗಳಿಗೆಲ್ಲ ಸೇರಿ ಒಂದು ಪಾಲು, ಎರಡು ಗೆರೆಯವಕ್ಕೆಲ್ಲ ಸೇರಿ ಅಷ್ಟೇ ಪಾಲು, ಹೀಗೆ. ಆಮೇಲೆ ಅಂಕಿಗಳ ಚಿಕ್ಕದೊಂದು ಭಾಗವನ್ನು ಮೊದಲ ಅಂದಾಜಿಗೆಂದು ಬಳಸಿ, ಉಳಿದ ಭಾಗದಿಂದ ಚಿತ್ರಗಳನ್ನು ತೂಗುತ್ತಾರೆ. ಆ ಚಿಕ್ಕ ಭಾಗ ಎಷ್ಟು ಎಂಬುದೂ ನಿಯಮದಿಂದಲೇ ಬರಬೇಕು. ಅದನ್ನು ತುಸು ಹಿಗ್ಗಿಸಿದರೆ ಅಥವಾ ಕುಗ್ಗಿಸಿದರೆ ನಡುಮಧ್ಯದ ಗೆರೆಗಳು ಅತ್ತಿತ್ತ ವಾಲುತ್ತವೆ.

"ತಕ್ಕಡಿ ಹಿಡದಾಕಿಗೆ ಹೊಟ್ಟಿಕಿಚ್ಚ ಇದ್ರ ಕಿರುಬೆರಳ ಸಾಕು," ಎನ್ನುತ್ತಾರೆ. ಅದಕ್ಕೇ ಅವರದೊಂದು ಪದ್ಧತಿ ಇದೆ. ಶೈಲಜಾ ಅವರ ಯಾವುದೇ ಲೆಕ್ಕ ಶುರುಮಾಡುವ ಮೊದಲು ಅವರಿಗೇ ಫೋನ್ ಮಾಡಿ ನಿಯಮಗಳನ್ನೆಲ್ಲ ಬಾಯಿಬಿಟ್ಟು ಹೇಳಿಬಿಡುತ್ತಾರೆ. ಹೇಳಿದ ಮೇಲೆ ಬದಲಿಸುವಂತಿಲ್ಲ.

ಶೈಲಜಾ ಅವರ ಪ್ರಬಂಧದ ಅಂಕಿಗಳನ್ನು ರಾಜೇಶ್ವರಿ ಕಳೆದ ವರ್ಷ ಈ ವಿಧಾನದಲ್ಲಿ ಸೋಸಿ ನೋಡಿದ್ದರು. ಮೇಣದ್ದು ಏಳನೆಯ ವಂಶವಾಹಿ, ಹಸಿರಿನದು ಹನ್ನೊಂದನೆಯದು. ಏಳು–ಹನ್ನೊಂದರ ಗೆರೆಗೆ ಬಂದ ಸಂಭವನೀಯತೆ 0.99. ಮರುಮಾತಿಗೆ ಎಡೆಯೇ ಇರಲಿಲ್ಲ. "ಅವತ್ತ ಊಟ ಸೇರಲಿಲ್ಲ," ಎನ್ನುತ್ತಾರೆ.

ಊಟ ಸೇರಿದ್ದು ಡಿಸೆಂಬರ್ 30ರಂದು, ಎಳ್ಳ ಅಮಾವಾಸ್ಯೆಯ ದಿನ. ಬೆಳೆದ ಹೊಲಕ್ಕೆ ಎಡೆ ಚೆಲ್ಲುವ ಚರಗಕ್ಕೆ ಇಂದ್ರವ್ವ ಕರೆದಿದ್ದರು. ಹೊಲದ ಈಶಾನ್ಯ ಮೂಲೆಯಲ್ಲಿ, ಬನ್ನಿ ಗಿಡದ ಬುಡಕ್ಕೆ, ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿದರು. ಸಜ್ಜೆಯ ಕಡುಬು, ಬದನೆಕಾಯಿ ಪಲ್ಯ, ಪುಂಡಿಪಲ್ಯ ಎಲ್ಲ ಕಲಸಿದ ಚರಗವನ್ನು ಬುಟ್ಟಿಯಲ್ಲಿಟ್ಟುಕೊಂಡು ಇಂದ್ರವ್ವ ಆ ಮೂಲೆಯಿಂದಲೇ ಹೊರಟರು. ಹೊಲವನ್ನು ಬಲಕ್ಕೆ ಇಟ್ಟುಕೊಂಡು, ಚೆಲ್ಲುತ್ತ, ಸುತ್ತು ಮುಗಿಸಿ ಕಲ್ಲಿನ ಬಳಿಗೇ ಬಂದರು. ರೊಟ್ಟಿ ಮುರಿಯುತ್ತಿದ್ದ ರಾಜೇಶ್ವರಿಯ ಕೈ ನಿಂತಿತು.

"ಇಂದ್ರವ್ವಾ, ಎಲಿ ಕತ್ತರಸುವಾಗೂ ಹಿಂಗs ಸುತ್ತತೀರೇನು?"

"ಮತ್ತ ಹೆಂಗ ಸುತ್ತಬೇಕ್ರಿ?"

"ಶೈಲಜಾ ಚೀಟಿ ಕೊಟ್ಟಿರತಾಳಲ್ಲ. ಮೊದಲ ಈ ಚೌಕ, ಆಮ್ಯಾಲೆ ಆ ಚೌಕ ಅಂತ?"

"ಕೊಡ್ತಾರ್ರಿ. ಮೂವತ್ತನೇದು, ಆಮ್ಯಾಲೆ ನಾಕನೇದು, ಮತ್ತ ಎಂಬತ್ತನೇದು ಅಂತ. ಹೊಲ ಈಗ ತುಂಬು ಬಸುರಿ. ಬಸುರಿ ಮೈಮ್ಯಾಲೆ ಅಡ್ಡಾದಿಡ್ಡಿ ತುಳದಾಡಾಕ ಆಕ್ಕೈತೇನ್ರಿ ಅಕ್ಕಾರ? ನಾವು ಪಾಂಡವರ ಕಡಿಂದ ಬಲಕ್ಕ ಸುತ್ತಿ ಒಳಗ ಒಳಗ ಬರ್ತೇವಿ. ಒಂದ ಎಲಿನೂ ತಪ್ಪಿಸಿಲ್ಲ, ನಂಬರ್ ಸೈತ ಬರೋಬ್ಬರಿ ಹಾಕೇವಿ."

ನಂಬರು ಸರಿಯಾಗಿಯೇ ಇತ್ತು. ಬದಲಾದದ್ದು ಹೊತ್ತು. ತೊಂಬತ್ತು ಚೌಕಗಳ ಆ ಹೊಲದಲ್ಲಿ ಪಾಂಡವರ ಕಡೆಯ ಗಿಡಗಳ ಎಲೆಗಳನ್ನು ಯಾವಾಗಲೂ ಚಳಿಯಲ್ಲಿ ಕತ್ತರಿಸಿದ್ದರು, ಕೊನೆಗೆ ಸಿಗುವ ಒಳಚೌಕದವನ್ನು ಬಿಸಿಲೇರಿದ ಮೇಲೆ. ಬಿಸಿಲು ಏರಿದರೆ ಏಳೂ ಚುರುಕಾಗುತ್ತದೆ, ಹನ್ನೊಂದೂ ಚುರುಕಾಗುತ್ತದೆ. ಕರೆಂಟ್ ಬಂತು, ಇಬ್ಬರೂ ಗಿರಣಿಗೆ ಬಂದರು ಎಂಬಂತೆ.

"ಆ ಹೊತ್ತಿಗೆ ನನಗ ಆದ ಖುಷಿ ಹೇಳಾಕ ನಾಚಿಕಿ ಬರ್ತೈತಿ," ಎನ್ನುತ್ತಾರೆ ರಾಜೇಶ್ವರಿ. "ಕಡಬ ಮತ್ತೆರಡ ಹಾಕಿಸಿಕೊಂಡೆ."

ಮರುದಿನ ಅವರು ಇಂದ್ರವ್ವನ ಸುತ್ತಿನ ದಾರಿಯನ್ನು ಅಂದಾಜಿಸಿ, ಎಲೆ ಕತ್ತರಿಸಿದ ಹೊತ್ತನ್ನು ಹದಿಮೂರನೆಯ ಚುಕ್ಕೆಯಾಗಿ ಸೇರಿಸಿ ಲೆಕ್ಕ ಓಡಿಸಿದರು. ಏಳು–ಹನ್ನೊಂದರ ಗೆರೆ 0.99ರಿಂದ 0.47ಕ್ಕೆ ಇಳಿಯಿತು. ಇದೆಯೋ ಇಲ್ಲವೋ ಹೇಳಲು ಬರುವುದಿಲ್ಲ ಎಂದು ಇದರ ಅರ್ಥ. ಗೆರೆಯೂ ಹೊತ್ತೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಹಳೆಯ ಅಂಕಿಗಳಿಂದ ಅವನ್ನು ಬಿಡಿಸಲು ಸಾಧ್ಯವಿರಲಿಲ್ಲ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಏಪ್ರಿಲಿನಲ್ಲಿ ಸುರೇಬಾನದ ಯೋಜನೆಯ ಪರಿಶೀಲನೆ ಇತ್ತು. ಅಲ್ಲಿ 0.47 ಎಂದು ಒಂದು ಸಾಲು ಬರೆದುಕೊಟ್ಟಿದ್ದರೆ ಯೋಜನೆ ನಿಲ್ಲುತ್ತಿತ್ತು, ಹಿತ್ತಾಳೆಯ ಫಲಕ ಮಂಕಾಗುತ್ತಿತ್ತು. ರಾಜೇಶ್ವರಿಗೆ ಅದು ಸಾಲಲಿಲ್ಲ. "ಅರ್ಧ ಅಂದ್ರ ಆಕಿ ಇನ್ನೂ ಅರ್ಧ ಗೆದ್ದಂಗ. ನನಗ ಸೊನ್ನಿ ಬೇಕಾಗಿತ್ತು." ಸೊನ್ನೆ ಬೇಕೆಂದರೆ ಹೊಸ ಎಲೆ ಬೇಕು, ಈ ಸಲ ಯಾವ ಚೌಕ ಯಾವ ಹೊತ್ತಿಗೆ ಎಂಬುದು ಚೀಟಿ ಎತ್ತಿದಂತೆ ಕಲಸಿಹೋಗಿರಬೇಕು. ಜೋಳದ ಕಾಳಲ್ಲಿ ಹಾಲು ತುಂಬುತ್ತಿತ್ತು, ಕಾಳು ಗಟ್ಟಿಯಾಗುವ ಮೊದಲು ಸಿಗುವುದು ಒಂದೋ ಎರಡೋ ಬೆಳಗು. ಅವರು ಶೈಲಜಾ ಅವರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದರು: ಇಂದ್ರವ್ವನ ಸುತ್ತು, 0.47, ಹೊಸ ಎಲೆಗಳ ಲೆಕ್ಕಕ್ಕೆ ಬಳಸುವ ನಿಯಮಗಳು.

ಸಿಟ್ಟಾಗುತ್ತಾಳೆ ಎಂದು ಕಾದರು. "ಸಿಟ್ಟಾದ್ರ ಛಲೋ ಆಗತಿತ್ತು. ಆಕಿ ಏನಂದ್ಲು ಗೊತ್ತೇನ್ರಿ? 'ಲೇ ರಾಜಿ, ಇದು ಬ್ಯಾರೆ ಯಾರ ಕಣ್ಣಿಗೂ ಬೀಳತಿರಲಿಲ್ಲ. ಸಾರಜನಕದ ಕ್ಯಾನ್ ತುಂಬಿಸಿ ಇಡತೇನಿ, ಜೀಪ್ ನೀನs ತಗೊಂಡ ಹೋಗು. ನಾ ಬಂದ್ರ ನನ್ನ ಕಡೆ ವಾಲೀತು.' ಫೋನ್ ಇಟ್ಟು ಅರ್ಧ ತಾಸು ಗುಬ್ಬಿ ನೋಡ್ಕೋತ ಕುಂತೆ. ಒಳ್ಳೇತನದಾಗೂ ಆಕೀನs ಮುಂದ."

ಹೀಗೆ ಜನವರಿಯ ಆ ನಸುಕಿನಲ್ಲಿ ಅವರು ಹೂಲಿಯ ಬದುವಿನ ಮೇಲೆ ಚೀಟಿ ಕಲಸುತ್ತ ಕೂತಿದ್ದಾರೆ. ಈಗ ಎದುರಿರುವುದು ಇಂದ್ರವ್ವ. ಅಡ್ಡಾದಿಡ್ಡಿ ನಡೆಯಲು ಅವರು ಸುತರಾಂ ಒಪ್ಪುತ್ತಿಲ್ಲ, ಅವರ ಹಿಂದೆ ನಿಂತಿರುವ ಹೆಣ್ಣಾಳುಗಳೂ ಅಲುಗುತ್ತಿಲ್ಲ. ಪೂರ್ವಕ್ಕೆ ಬೆಳಕು ಹರಿಯತೊಡಗಿದೆ.

"ಅಕ್ಕಾರ, ಒಂದ ಮಾತ ಕೇಳ್ಲಿ? ನಿಮಗ ಶೈಲಜಾ ಮೇಡಮ್ಮಾರ ಮ್ಯಾಲೆ ಸಿಟ್ಟೈತೇನ್ರಿ?"

"ಸಿಟ್ಟಲ್ಲ."

"ಮತ್ತ?"

"ಅದಕ್ಕಿಂತ ಕೆಟ್ಟದ್ದು."

ಇಂದ್ರವ್ವ ನಗುತ್ತಾರೆ. "ಇರ್ಲಿ ಬಿಡ್ರಿ. ನಮ್ಮ ನೆಗೆಣ್ಣಿ ಎಮ್ಮಿ ಒಂದ ಲೀಟರ್ ಹೆಚ್ಚ ಹಿಂಡತೈತಿ ಅಂತ ನಾನೂ ಎರಡ ವರ್ಷ ನಿದ್ದಿ ಮಾಡಿಲ್ಲ. ಆಕಿ ಮ್ಯಾಲಿನ ಜಿದ್ದಿಗೆ ನಮ್ಮೆಮ್ಮಿ ಹೊಟ್ಟಿ ತುಂಬ ಉಂಡಿತು." ಹೊಲದ ಕಡೆ ತಿರುಗಿ ಒಂದು ಗಳಿಗೆ ಯೋಚಿಸುತ್ತಾರೆ. "ಒಂದ ಕೆಲಸ ಮಾಡೂಣು. ಮೊದಲ ಬರಿಗೈಲೆ ಒಂದ ಸುತ್ತ ಬಲಕ್ಕ ಸುತ್ತಿ ಬರ್ತೇವಿ. ಭೂಮ್ತಾಯಿಗೆ ಸಲ್ಲೂದು ಸಂದಂಗ ಆತು. ಆಮ್ಯಾಲೆ ನಿಮ್ಮ ಚೀಟಿ ಎಲ್ಲಿ ಕರೀತಾವ ಅಲ್ಲಿ, ಕಾಲ ನೋಡಿ ಇಡತೇವಿ."

ಕಲ್ಲುಗಳಿಗೆ ಅರಿಶಿನ ಕುಂಕುಮ ಬೀಳುತ್ತದೆ. ಹೆಂಗಸರ ಸಾಲು ಮಂಜಿನಲ್ಲಿ ಹೊಲವನ್ನು ಬಲಕ್ಕಿಟ್ಟುಕೊಂಡು ಹೊರಡುತ್ತದೆ. ಕೊನೆಯಲ್ಲಿ, ಕರೆಯದೆಯೇ, ರಾಜೇಶ್ವರಿಯೂ ಸೇರಿಕೊಳ್ಳುತ್ತಾರೆ. ಸುತ್ತು ಮುಗಿದ ಮೇಲೆ ಮೊದಲ ಚೀಟಿ ತೆಗೆಯುತ್ತಾರೆ. ಅರವತ್ತೆರಡು. ಹೊಲದ ನಟ್ಟನಡುವೆ. ಇಂದ್ರವ್ವ ನಿಟ್ಟುಸಿರು ಬಿಟ್ಟು, ಸೀರೆಯ ನೆರಿಗೆ ಎತ್ತಿ ಕಟ್ಟಿ, ದಂಟುಗಳನ್ನು ಎರಡೂ ಕೈಯಿಂದ ಸರಿಸುತ್ತ ಒಳಗಿಳಿಯುತ್ತಾರೆ. ಬಿಸಿಲು ನೆತ್ತಿಗೆ ಹತ್ತುವ ಮೊದಲು ತೊಂಬತ್ತು ಚೌಕದ ಎಲೆಯೂ ಕ್ಯಾನ್ ಸೇರುತ್ತದೆ. ಪ್ರತಿ ಎಲೆಯ ಜೊತೆಗೂ ಅದನ್ನು ಕತ್ತರಿಸಿದ ಗಳಿಗೆಯನ್ನು ರಾಜೇಶ್ವರಿ ಗುರುತು ಮಾಡಿಕೊಂಡಿದ್ದಾರೆ.

ಪ್ರಯೋಗಾಲಯದ ಅಳತೆಗಳು ಬರುವಷ್ಟರಲ್ಲಿ ಮಾರ್ಚ್ ಮುಗಿಯುತ್ತ ಬಂದಿದೆ, ಹೂಲಿಯಲ್ಲಿ ಕೊಯ್ಲು, ರಾಶಿ ಮುಗಿದಿವೆ. ಗೋದಾಮಿನ ಹಿಂದಿನ ಕೋಣೆಯಲ್ಲಿ ಒಂದು ಮುಂಜಾನೆ ಗಣಕ ಗುಂಯ್ಗುಡುತ್ತದೆ. ರಾಜೇಶ್ವರಿ ಪರದೆ ನೋಡುವುದಿಲ್ಲ. ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದು, ಚಹಾ ಕುಡಿದು ಬರುತ್ತಾರೆ. ವಂಶವಾಹಿಗಳ ನಡುವಿನ ಅರವತ್ತಾರು ಗೆರೆಗಳ ಪೈಕಿ ಬಹುತೇಕ ಸೊನ್ನೆಯ ಹತ್ತಿರ ಬಿದ್ದಿವೆ. ಕಳೆದ ವರ್ಷ ಗಟ್ಟಿಯಾಗಿ ಕಂಡ ನಾಲ್ಕು ಗೆರೆಗಳು ಈ ಸಲ ಇಲ್ಲವೇ ಇಲ್ಲ; ಅವೆಲ್ಲ ಬಿಸಿಲಿನ ಆಟ. ಏಳು–ಹನ್ನೊಂದು ಉಳಿದಿದೆ.

ಮೊದಲ ಅಂದಾಜಿಗೆ ಬಳಸುವ ಆ ಚಿಕ್ಕ ಭಾಗವನ್ನು ಹಿಗ್ಗಿಸಿದರೆ ಎಷ್ಟಾದೀತು ಎಂದು ಕೈ ಕೀಲಿಮಣೆಯ ಮೇಲೆ ಹೋದದ್ದು ನಿಜ. "ಹೋತು. ನಿಂತಿತು. ಆಕಿಗೆ ಮೊದಲs ಹೇಳಿಬಿಟ್ಟಿದ್ದೆನಲ್ಲ." ಗೋಡೆಯಾಚೆ ಬೀಜ ಸೋಸುವ ಯಂತ್ರ ಚಾಲೂ ಆಗುತ್ತದೆ, ಗಣಕ ಆರುತ್ತದೆ. ಆ ಹೊತ್ತಿಗೆ ಅಂಕಿ ಉಳಿಸಿಕೊಂಡು ಆಗಿದೆ.

ಹೊಟ್ಟೆಕಿಚ್ಚು ಆರಿತೇ ಎಂದರೆ ತಲೆಯಾಡಿಸುತ್ತಾರೆ. "ಎಲ್ಲಿ ಆರೂದ್ರಿ. ಏಪ್ರಿಲ್‌ದಾಗ ಆಕಿಗೆ ಮತ್ತೊಂದ ಶಾಲು ಹೊದಸ್ತಾರ, ಅದೂ ನನ್ನ ಲೆಕ್ಕದ ಮ್ಯಾಲೆ. ಆದ್ರ ಈ ಕಿಚ್ಚ ಇರಲಿಲ್ಲಂದ್ರ ಆ ಥಂಡ್ಯಾಗ ಹೂಲಿಗೆ ಯಾರ ಹೋಗತಿದ್ರು? ಆಕಿ ಗೆರಿ ಹೋದ ವರ್ಷ ಸುಮ್ಮನ ಚಂದ ಇತ್ತು. ಈಗ ಗಟ್ಟಿ ಐತಿ. ಗಟ್ಟಿ ಮಾಡಿದಾಕಿ ನಾನು." ಆಮೇಲೆ ಸೇರಿಸುತ್ತಾರೆ: "ಮೊನ್ನಿ ಊರಿಗೆ ಹೋಗಿದ್ದೆ. ಗ್ವಾಡಿ ಮ್ಯಾಲಿನ ಫೋಟೋದ ಒಂದ ಮೂಲಿ ಕಿತ್ತು ಗಾಳಿಗೆ ಹಾರಾಕ ಹತ್ತಿತ್ತು. ಅವ್ವ ನೋಡಿರಲಿಲ್ಲ. ನಾನs ಗೋಂದ ಹಚ್ಚಿ ಕುಂದರಿಸಿದೆ."

ಅವರಿಗಿರುವ ಆಸೆ ಒಂದೇ. ಬರುವ ಹಿಂಗಾರಿಯಲ್ಲಿ ಸುರೇಬಾನದ ಹೊಲದಲ್ಲೂ ಚೀಟಿ ತೆಗೆಯುವ ಕೆಲಸ ತಮಗೇ ಸಿಗಬೇಕು, ಮತ್ತು ಬದುವಿನ ಮೇಲೆ ಇಂದ್ರವ್ವ ಇರಬೇಕು. ಪರಿಶೀಲನೆಗೆಂದು ಕಳಿಸಿದ ವರದಿಯಲ್ಲಿ ಅವರ ಪಾಲಿನದು ಒಂದೇ ಪುಟ. ಅದರ ಕೊನೆಯ ಸಾಲಿಗೆ ವಿಶೇಷಣಗಳಿಲ್ಲ. ಹೂಲಿ, ಹಿಂಗಾರಿ ಬಿಳಿಜೋಳ, ತೊಂಬತ್ತು ಚೌಕ. ಏಳು ಮತ್ತು ಹನ್ನೊಂದರ ನಡುವೆ ನೇರ ಗೆರೆ ಇರುವ ಸಂಭವನೀಯತೆ 0.94.